ದೋಣಿಯ ಮುಂದೆ ಭಾರಕ್ಕೆ ಕೂತವಳು

ಹೊಟ್ಟೆಕಿಚ್ಚು ಪಡುವವರು ಸಾಮಾನ್ಯವಾಗಿ ದಾಯಾದಿಯ ಮೇಲೆ ಪಡುತ್ತಾರೆ, ಪಕ್ಕದ ಹೊಲದವನ ಮೇಲೆ ಪಡುತ್ತಾರೆ, ತನಗಿಂತ ಮೊದಲು ಬಡ್ತಿ ಹೊಡೆದುಕೊಂಡವನ ಮೇಲೆ ಪಡುತ್ತಾರೆ. ನಾನು ಪಟ್ಟದ್ದು ಕಟ್ಟಿಕೊಂಡ ಹೆಂಡತಿಯ ಮೇಲೆ. ಅದೂ ಅವಳ ಒಡವೆಗಲ್ಲ, ತವರಿನ ಜಮೀನಿಗಲ್ಲ. ಒಂದು ಹಳೆಯ ಹಾಯಿದೋಣಿ ಅವಳ ಮಾತು ಕೇಳುತ್ತದೆ, ನನ್ನ ಮಾತು ಕೇಳುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಕು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮನೆ ಮಾತ್ರ ಊರಲ್ಲೇ. ನಮ್ಮೂರು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿನಲ್ಲಿದೆ. ಕಟ್ಟೆ ತುಂಬಿದ ವರ್ಷ ಹಿತ್ತಲ ಬೇಲಿಯವರೆಗೂ ನೀರು. ಆಚೆ ದಡ ಮೈಸೂರಿನ ಕಡೆಯದು. ಅಲ್ಲಿ ಮಿಲಿಟರಿಯಿಂದ ನಿವೃತ್ತರಾದ ಆಫೀಸರೊಬ್ಬರು ತೋಟ ಮಾಡಿಕೊಂಡಿದ್ದರು. ಭಾನುವಾರ ಬಂತೆಂದರೆ ಅವರ ಬಿಳಿ ಹಾಯಿ ನೀರಿನ ಮೇಲೆ ಹೊರಡುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಹುಟ್ಟು ಹಾಕುವ ಆಳಿಲ್ಲ. ಗಾಳಿಯನ್ನು ಮೂಗುದಾರ ಹಾಕಿ ಎಳೆದುಕೊಂಡು ಹೋಗುವ ಹಾಗೆ ಹೋಗುತ್ತಿದ್ದರು. ನಾನು ಹಿತ್ತಲಲ್ಲಿ ಹಲ್ಲುಜ್ಜುವುದನ್ನು ಮರೆತು ನೋಡುತ್ತ ನಿಂತಿರುತ್ತಿದ್ದೆ.

ಮನುಷ್ಯ ಒಮ್ಮೆ ನಮ್ಮ ದಡಕ್ಕೆ ಬಂದು ಎಳನೀರು ಕುಡಿದು ಹೋದ ಮೇಲೆ ಪರಿಚಯ ಬೆಳೆಯಿತು. ಆಮೇಲೊಂದು ವರ್ಷ ಅವರಿಗೆ ಮಂಡಿ ಕೈಕೊಟ್ಟಿತು. ದೋಣಿ ಮಾರುತ್ತೇನೆ, ಆದರೆ ಅದನ್ನು ಕೋಳಿಗೂಡು ಮಾಡುವವನಿಗೆ ಕೊಡುವುದಿಲ್ಲ, ಬೇಕಾದರೆ ನೀವು ತೆಗೆದುಕೊಳ್ಳಿ ಅಂದರು. ನಾನು ಸೊಸೈಟಿಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಬಾಚಿ ತಂದುಕೊಟ್ಟೆ. ಅವರು ದೋಣಿಯ ಎಲ್ಲವನ್ನೂ ಒಪ್ಪಿಸಿದರು, ಒಂದನ್ನು ಬಿಟ್ಟು. ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತಿಳಿಯಲು ಕಟ್ಟಿದ್ದ ಗೇಣುದ್ದದ ಕೆಂಪು ಬಟ್ಟೆಯ ಪಟ್ಟಿ. ಅದನ್ನು ಬಿಚ್ಚಿ ಜೇಬಿಗೆ ಇಟ್ಟುಕೊಂಡರು.

"ಇದು ನನ್ನ ಹತ್ತಿರ ಇರಲಿ ಮೇಷ್ಟ್ರೇ. ನೀವೇ ಹಾಯಿ ಕಟ್ಟಿಕೊಂಡು ನನ್ನ ದಡಕ್ಕೆ ಬಂದ ದಿನ ಕೊಡ್ತೀನಿ. ಅಲ್ಲಿವರೆಗೂ ದೋಣಿ ನಿಮ್ಮದು ಅಂತ ನಾನು ಒಪ್ಪಲ್ಲ" ಅಂದರು.

ನಗುತ್ತಲೇ ಹೇಳಿದ್ದು. ಆದರೆ ನನಗೆ ಅದು ನಾಟಿಬಿಟ್ಟಿತು. ಅವತ್ತಿನಿಂದ ನನಗೆ ಬೇಕಾಗಿದ್ದು ದೋಣಿಯಲ್ಲ, ಆ ಚಿಂದಿ ಬಟ್ಟೆ.

ದೋಣಿ ಟ್ರಾಕ್ಟರಿನ ಟ್ರೈಲರಿನಲ್ಲಿ ಭತ್ತದ ಹುಲ್ಲಿನ ಮೇಲೆ ಮಲಗಿಕೊಂಡು ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ ಸುತ್ತಿ ಬಂತು. ಶ್ರೀರಂಗಪಟ್ಟಣದ ಹೋಟೆಲಿನ ಮುಂದೆ ಟೀ ಕುಡಿಯಲು ನಿಲ್ಲಿಸಿದಾಗ, ಇದೇನು ಹೊಸ ತರದ ಬಾನಿ, ಎಮ್ಮೆ ಎಷ್ಟಿವೆ ಎಂದು ಒಬ್ಬರು ವಿಚಾರಿಸಿದರು. ಊರು ಮುಟ್ಟಿದಾಗ ಅವ್ವ ಆರತಿ ತಟ್ಟೆ ಹಿಡಿದು ಕಾದಿದ್ದಳು. ಹೊಸ ಗಾಡಿ ತಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ಪದ್ಧತಿ. ಇದಕ್ಕೆ ಚಕ್ರ ಎಲ್ಲಿದೆ? ನೀರಿನ ಅಂಚಿನಲ್ಲಿ ತಳದ ಕೆಳಗೆ ಇಡಿಸಿದಳು. ದೋಣಿ ನೂಕಿದೆವು. ನಿಂಬೆಹಣ್ಣು ಅಪ್ಪಚ್ಚಿಯಾಗುವ ಬದಲು ಕೆಸರಿನಲ್ಲಿ ಹೂತು, ಆಮೇಲೆ ಎದ್ದು, ದೋಣಿಯ ಪಕ್ಕದಲ್ಲೇ ತೇಲುತ್ತ ಬಂತು. ಅವ್ವನ ಮುಖ ಸಪ್ಪಗಾಯಿತು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಅವಳ ಬಗ್ಗೆ ಹೇಳಬೇಕು. ಸಂತೆಬಾಚಹಳ್ಳಿ ಕಡೆಯ ಹೆಣ್ಣು. ರಾಗಿ, ಹುರುಳಿ ಬೆಳೆಯುವ ಒಣಭೂಮಿಯ ಊರು. ನಮ್ಮಲ್ಲಿ ಕರೆಂಟು ಬಂದರೆ ಪಂಪ್‌ಸೆಟ್ಟು, ಪಂಪ್‌ಸೆಟ್ಟು ಓಡಿದರೆ ನೀರು. ಅವರಲ್ಲಿ ಎಲ್ಲಕ್ಕೂ ಆಕಾಶ ನೋಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಹಿನ್ನೀರನ್ನು ಕಂಡು ಅವಳು ಬೆಚ್ಚಿದ್ದನ್ನು ನಾನು ಎಷ್ಟೋ ಸಲ ಹೇಳಿ ನಗಾಡಿದ್ದೇನೆ. ದೋಣಿಗೆ ಇಬ್ಬರು ಬೇಕು, ಒಬ್ಬ ಹಿಂದೆ ಚುಕ್ಕಾಣಿ ಹಿಡಿಯುವವನು, ಇನ್ನೊಬ್ಬ ಮುಂದೆ ಭಾರಕ್ಕೆ ಕೂತು ಅತ್ತಿತ್ತ ಸರಿಯುವವನು ಎಂದು ಆಫೀಸರು ಹೇಳಿದಾಗ, ಭಾರಕ್ಕೆ ಇವಳೇ ಸಾಕು ಎಂದು ನಾನೇ ಎಳೆದುಕೊಂಡು ಹೋದದ್ದು. ಅವಳು ಹಿಂದೆಮುಂದೆ ನೋಡಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಎಂದು ಅವ್ವ ಗದರಿದ ಮೇಲೆ ಹತ್ತಿದಳು.

ಮೊದಲ ಕೆಲವು ವಾರ ದೋಣಿಯ ಮೈ ತಡವುವುದರಲ್ಲೇ ಕಳೆದೆ. ಹಳೆಯ ಎತ್ತು ಕೊಂಡವನು ಹಲ್ಲು, ಗೊರಸು, ಸುಳಿ ನೋಡುವುದಿಲ್ಲವೇ, ಹಾಗೆ. ಎಡಬದಿಯಲ್ಲಿ ಅಂಗೈಯಗಲದ ತೇಪೆ. ನಡುವೆ ಒಂದು ಸೀಳು, ಅದರೊಳಗೆ ನೀರಿಗೆ ಇಳಿಬಿಡುವ ಹಲಗೆ. ಆ ಹಲಗೆ ಅರ್ಧಕ್ಕೆ ಕಚ್ಚಿಕೊಳ್ಳುತ್ತಿತ್ತು, ಹಿಮ್ಮಡಿಯಿಂದ ಒಂದು ಕೊಟ್ಟರೆ ಇಳಿಯುತ್ತಿತ್ತು. ಚುಕ್ಕಾಣಿಯ ಹಿಡಿಕೆ ಮರದ್ದು, ಆಫೀಸರ ಬೆರಳು ಕೂತ ಜಾಗದಲ್ಲಿ ಸವೆದು ನಾಲ್ಕು ತಗ್ಗು. ನನ್ನ ಬೆರಳು ಆ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ನನ್ನದು ಗಿಡ್ಡ ಬೆರಳು. ಆಗಲೇ ಸ್ವಲ್ಪ ಉರಿದಿತ್ತು.

ಆಫೀಸರು ಎರಡು ಭಾನುವಾರ ಕಾರಿನಲ್ಲಿ ಬಂದು ಪಾಠ ಮಾಡಿದರು. ನನಗೆ ಕೋನ ಗೊತ್ತು, ಬಲಗಳ ಸಮಾಂತರ ಚತುರ್ಭುಜ ಗೊತ್ತು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದರೆ ಅವರೇ ಭೇಷ್ ಅಂದರು. ನೀರಿಗೆ ಇಳಿದ ಮೇಲೆ ಮಾತ್ರ ಹೊಲ ಉತ್ತ ವಂಶದ ಕೈ ತನ್ನ ಬುದ್ಧಿ ತೋರಿಸಿತು. ಎತ್ತನ್ನು ಬಲಕ್ಕೆ ತಿರುಗಿಸಬೇಕಾದರೆ ಬಲದ ಹಗ್ಗ ಎಳೆಯುತ್ತೇವೆ. ಚುಕ್ಕಾಣಿ ಉಲ್ಟಾ. ಹಿಡಿಕೆಯನ್ನು ಬಲಕ್ಕೆ ಎಳೆದರೆ ದೋಣಿ ಎಡಕ್ಕೆ ಹೋಗುತ್ತದೆ. ಗೊತ್ತಿದ್ದೂ ಗೊತ್ತಿದ್ದೂ, ಗಾಳಿ ಜೋರಾದ ಕೂಡಲೇ ನನ್ನ ಕೈ ಬಲದ ಹಗ್ಗ ಎಳೆಯುತ್ತಿತ್ತು, ಬಾಯಿ ತಾನಾಗಿ ಹೋ ಹೋ ಎಂದು ಎತ್ತು ನಿಲ್ಲಿಸುತ್ತಿತ್ತು. ದೋಣಿ ಗಿರಕಿ ಹೊಡೆದು ಜೊಂಡಿನೊಳಗೆ ನುಗ್ಗುತ್ತಿತ್ತು. ಹಾಯಿಯ ಬುಡಕ್ಕೆ ಕಟ್ಟಿದ ಅಡ್ಡಮರ ಬಂದು ನನ್ನ ನೆತ್ತಿಗೆ ಬಡಿಯುತ್ತಿತ್ತು.

ಇವಳು ಮುಂದೆ ಕೂತು ಬೇರೆಯೇ ಕೆಲಸ ಮಾಡುತ್ತಿದ್ದಳು. ಎರಡನೆಯ ಭಾನುವಾರ ಮಡಿಲಲ್ಲಿ ಒಂದು ಹಿಡಿ ರಾಗಿ ಹೊಟ್ಟು ಕಟ್ಟಿಕೊಂಡು ಬಂದಳು. ಕಂಬದ ತುದಿಯಲ್ಲಿ ಪಟ್ಟಿ ಇರಲಿಲ್ಲವಲ್ಲ. ಇವಳು ಆಗಾಗ ಚಿಟಿಕೆ ಹೊಟ್ಟನ್ನು ಗಾಳಿಗೆ ಬಿಡುವುದು, ಅದು ಎತ್ತ ಹಾರುತ್ತದೆ ಎಂದು ನೋಡುವುದು, ನೋಡಿ ಸುಮ್ಮನೆ ಆ ಕಡೆಯೋ ಈ ಕಡೆಯೋ ಸರಿದು ಕೂರುವುದು. ನಾನು ತಪ್ಪು ಮಾಡುವುದಕ್ಕೆ ಒಂದು ಉಸಿರು ಮೊದಲೇ ಅವಳು ಅಡ್ಡಮರಕ್ಕೆ ತಲೆ ತಗ್ಗಿಸಿರುತ್ತಿದ್ದಳು.

ಅದನ್ನು ಆಫೀಸರು ದಡದಿಂದ ಗಮನಿಸಿದ್ದರು. ಹೋಗುವಾಗ ಕಾರಿನ ಬಾಗಿಲು ಹಿಡಿದುಕೊಂಡು ನನಗೆ ಮಾತ್ರ ಕೇಳುವ ಹಾಗೆ, "ನಿಮ್ಮ ಮಿಸೆಸ್ ಗಾಳಿ ನೋಡ್ತಾರೆ. ನೀವು ಹಗ್ಗ ನೋಡ್ತೀರಿ" ಅಂದರು.

ಆ ರಾತ್ರಿ ನನಗೆ ಮುದ್ದೆ ಇಳಿಯಲಿಲ್ಲ.

ಆಮೇಲೆ ಕೇಳಿ ತಿಳಿದುಕೊಂಡೆ. ಅವಳಪ್ಪನಿಗೆ ಗಂಡುಮಕ್ಕಳಿಲ್ಲ. ಸಾಮಾನ್ಯವಾಗಿ ಕಣದಲ್ಲಿ ಮೆಟ್ಟು ಎನ್ನುವ ಎತ್ತರದ ಮರದ ಪೀಠದ ಮೇಲೆ ನಿಂತು ಮೊರ ಎತ್ತಿ ರಾಗಿ ತೂರುವವರು ಗಂಡಸರು, ಕೆಳಗಿನಿಂದ ತುಂಬಿಕೊಡುವವರು ಹೆಂಗಸರು. ಅವರ ಮನೆಯಲ್ಲಿ ಇವಳೇ ಹನ್ನೆರಡನೆಯ ವಯಸ್ಸಿನಿಂದ ಮೆಟ್ಟು ಹತ್ತಿದವಳು. ಗಾಳಿಗೆ ಗಂಟೆಗಟ್ಟಲೆ ಕಾದವಳು. ಮರದ ಎಲೆ ಅಲ್ಲಾಡುವ ಮೊದಲೇ ಬೆವರಿದ ಕುತ್ತಿಗೆಗೆ ಅದು ತಾಗುವುದನ್ನು ಬಲ್ಲವಳು. ಗಾಳಿ ಬಂದಾಗ ತೂರಿಕೋ ಎಂದು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಉಪದೇಶ ಮಾಡುತ್ತಿದ್ದೆ. ಮಾಡಿದವಳು ನನ್ನ ಮನೆಯಲ್ಲೇ ರೊಟ್ಟಿ ತಟ್ಟುತ್ತಿದ್ದಳು.

ಒಂದು ದಿನ ನಾನು ದೋಣಿಯನ್ನು ಗಾಳಿಗೆ ನೇರ ಎದುರಾಗಿ ನುಗ್ಗಿಸಲು ಒದ್ದಾಡುತ್ತಿದ್ದೆ. ಹಾಯಿ ಪಟಪಟ ಹೊಡೆದುಕೊಳ್ಳುತ್ತಿತ್ತು, ದೋಣಿ ಹಿಂದಕ್ಕೆ ಜಾರುತ್ತಿತ್ತು. ಅವಳು ತಿರುಗಿ ನೋಡದೆ ಮೆಲ್ಲಗೆ ಅಂದಳು:

"ಗಾಳಿಗೆ ಎದುರ್ಗೆ ನಿಂತ್ಕಂಡು ತೂರುದ್ರೆ ದೂಳೆಲ್ಲ ನಿಮ್ ಮಕಕ್ಕೇ ಬರ್ತದೆ ಕನ್ರೀ. ವಸಿ ಓರೆಗೆ ನಿಂತ್ಕಳಿ."

ಸರಿಯಾದ ಮಾತು. ಆಫೀಸರು ಅದನ್ನೇ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಗೊತ್ತಿದ್ದರೆ ನೀನೇ ಹಿಡಿಯಮ್ಮಿ ಎಂದು ಹಿಡಿಕೆ ಬಿಟ್ಟು ಮುಂದೆ ಹೋಗಿ ಕೂತೆ. ಕಲಿಯಲಿ ಎಂದಲ್ಲ. ಜೊಂಡಿಗೆ ನುಗ್ಗಲಿ, ಅಳಲಿ ಎಂದು.

ಅವಳು ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು ಹಿಂದೆ ಕೂತಳು. ಒಂದು ಚಿಟಿಕೆ ಹೊಟ್ಟು ಬಿಟ್ಟಳು. ಹಿಡಿಕೆಯನ್ನು ಇಷ್ಟೇ ಇಷ್ಟು ಸರಿಸಿದಳು. ಹಾಯಿಯ ಪಟಪಟ ನಿಂತಿತು. ದೋಣಿ ಒಂದು ಬದಿಗೆ ಚೂರು ವಾಲಿ, ತಳದಲ್ಲಿ ಸಣ್ಣ ಗುಳುಗುಳು ಸದ್ದು ಮಾಡುತ್ತ ಹೊರಟಿತು. ಆ ಸದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅವಳ ಬೆರಳುಗಳು ಆಫೀಸರ ಆ ನಾಲ್ಕು ತಗ್ಗಿನಲ್ಲಿ ಅಚ್ಚು ಹಾಕಿದ ಹಾಗೆ ಕೂತಿದ್ದವು. ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ನಮ್ಮೂರ ಮೀನಿನವನು ದೂರದಿಂದ ಕೂಗಿದ: "ಏನ್ ಮೇಷ್ಟ್ರೇ, ಇವತ್ತು ನಿಮ್ ದೋಣಿ ಕುಡೀದೆ ಓಯ್ತಾ ಅದಲ್ಲ!"

ಹಿಂದೆ ಕೂತಿರುವವರು ಯಾರು ಎಂದು ಅವನಿಗೆ ಹಾಯಿಯ ಮರೆಯಲ್ಲಿ ಕಂಡಿರಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ನನ್ನ ಬುದ್ಧಿ ಕೆಟ್ಟಿತು. ಹಿಡಿಕೆಯನ್ನು ಅವಳಿಗೆ ಮತ್ತೆ ಕೊಡಲಿಲ್ಲ. ಅವಳು ಕೇಳಿದಳು, ಎರಡು ಸಲ. ಒಂದು ಸಲ ಅಡುಗೆ ಮಾಡುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು. ಹೆಂಗಸರು ನಡು ನೀರಿಗೆ ಹೋದರೆ ಊರು ಏನನ್ನುತ್ತೆ ಅಂದೆ. ಊರು ಏನೂ ಅಂದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಊರು ಡೊಂಕು ಅಂದೆ. ಅವಳು ಬೇಡ ಬುಡಿ ಅಂದು ಸಾರಿಗೆ ಒಗ್ಗರಣೆ ಹಾಕಿದಳು. ಸ್ಟಾಫ್ ರೂಮಿನಲ್ಲಿ ಮಾತ್ರ ನಾನು ಗಾಳಿಯನ್ನು ಓರೆಗೆ ಹಿಡಿಯುವ ಸೂಕ್ಷ್ಮವನ್ನು ನನ್ನದೇ ಸಂಶೋಧನೆಯ ಹಾಗೆ ವಿವರಿಸುತ್ತಿದ್ದೆ. ಮೊರದ ಉದಾಹರಣೆಯನ್ನೂ ಕೊಡುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು.

ಪುಷ್ಯ ಮಾಸ ಬಂತು. ಅವಳು ರಾಗಿ ಕಣಕ್ಕೆಂದು ತವರಿಗೆ ಹೋದಳು. ಅವಳಿಲ್ಲದ ಮನೆಯಲ್ಲಿ ನನಗೆ ಹೊಳೆದದ್ದು ಒಂದೇ ಯೋಚನೆ. ಈಗ ಹೋಗಬೇಕು, ಒಬ್ಬನೇ ಹೋಗಬೇಕು, ಆ ಕೆಂಪು ಪಟ್ಟಿ ತರಬೇಕು. ಭಾರಕ್ಕೆ ಅವಳ ಜಾಗದಲ್ಲಿ ಮರಳಿನ ಚೀಲ ಇಟ್ಟೆ.

ಭಾನುವಾರ ಬೆಳಿಗ್ಗೆ ಹಾಯಿ ಎತ್ತಿದೆ. ಎಂಥ ಮಜಾ ಅಂತೀರಿ! ಮೂಡಣದಿಂದ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಹಾಯಿ ತುಂಬಿಕೊಂಡಿತು, ದೋಣಿ ತಾನಾಗಿ ಹೋಯಿತು. ನಾನು ಹಿಡಿಕೆ ಹಿಡಿದು ಕೂತಿದ್ದೆ ಅಷ್ಟೇ. ಆ ಗಾಳಿಗೆ ಕೊಡೆ ಬಿಚ್ಚಿ ಹಿಡಿದಿದ್ದರೂ ಆಚೆ ದಡ ಮುಟ್ಟಬಹುದಿತ್ತು. ನನಗೆ ಹಾಗನ್ನಿಸಲಿಲ್ಲ. ನೋಡೇ, ನೀನಿಲ್ಲದೆ ಬಂದೆ ಎಂದು ನೀರಿಗೆ ಹೇಳಿಕೊಂಡು ಬಂದೆ.

ಆಫೀಸರು ಕೋಲೂರಿಕೊಂಡು ದಡಕ್ಕೆ ಇಳಿದರು. ಅವರ ಕಣ್ಣು ತುಂಬಿತ್ತು, ನಿಜ ಹೇಳುತ್ತೇನೆ. ಮನೆಯೊಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು, ಬೀರುವಿನಿಂದ ಆ ಪಟ್ಟಿ ತೆಗೆದು ನನ್ನ ಅಂಗೈಗೆ ಇಟ್ಟರು. ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು. ಆಮೇಲೆ, ಮಿಸೆಸ್ ಯಾಕೆ ಬರಲಿಲ್ಲ ಎಂದು ಕೇಳಿದರು.

ತವರಿಗೆ ಹೋಗಿದ್ದಾಳೆ ಅಂದಿದ್ದರೆ ಮುಗಿಯುತ್ತಿತ್ತು. ಅದು ಬಾಯಿಗೆ ಬರಲಿಲ್ಲ. "ಅವಳಿಗೆ ನೀರು ಅಂದ್ರೆ ಭಯ ಸರ್. ಬಿಟ್ಟೇಬಿಟ್ಟಳು" ಅಂದೆ.

ಪಾಪ, ಅಂದರು ಅವರು. ಅವರಿಗೆ ನಿಜವಾಗಿಯೂ ಬೇಜಾರಾಯಿತು. ಊಟ ಮಾಡಿಸಿ ಮಲಗಲು ಹೋದರು.

ನಾನು ಪಟ್ಟಿಯನ್ನು ಕಂಬಕ್ಕೆ ಕಟ್ಟಿ ಹೊರಟೆ. ಹೊರಟೆ ಎಂದರೆ ಹೊರಡಲು ನೋಡಿದೆ. ಬರುವಾಗ ಬೆನ್ನಿಗಿದ್ದ ಗಾಳಿ ಹೋಗುವಾಗ ಎದುರಿಗಿತ್ತು. ಇದು ಗಣಿತದ ಮೇಷ್ಟ್ರ ತಲೆಗೆ ಹೊಳೆದಿರಲಿಲ್ಲ. ಓರೆಗೆ ಹಿಡಿದೆ, ಒಂದು ಮಾರು ಹೋದೆ, ತಿರುಗಿಸುವಾಗ ಕೈ ಎತ್ತಿನ ಹಗ್ಗ ಎಳೆಯಿತು, ಗಾಳಿ ತಂದು ಅದೇ ದಡಕ್ಕೆ ಒಗೆಯಿತು. ಮತ್ತೆ ಹೋದೆ. ಮತ್ತೆ ಒಗೆಯಿತು. ಮರಳಿನ ಚೀಲ ಸಮಯ ನೋಡಿ ಸರಿದು ಕೂರುವುದಿಲ್ಲವಲ್ಲ. ಮೂರನೆಯ ಸಲ ದೋಣಿ ಮಗುಚಿತು, ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ಎತ್ತಿದೆ. ಕೆಂಪು ಪಟ್ಟಿಗೆ ಪಾಚಿ ಮೆತ್ತಿಕೊಂಡಿತ್ತು. ಆಫೀಸರು ಎದ್ದು ಬರುವುದರೊಳಗೆ ದೋಣಿ ಕಟ್ಟಿಹಾಕಿ, ಹಗ್ಗ ಹಳತಾಗಿದೆ, ಹೊಸದು ತಂದು ಎರಡು ದಿನದಲ್ಲಿ ಒಯ್ಯುತ್ತೇನೆ ಎಂದು ಆಳಿನ ಕೈಲಿ ಹೇಳಿಕಳಿಸಿ, ಒದ್ದೆ ಪ್ಯಾಂಟಿನಲ್ಲೇ ಬಸ್ಸು ಹತ್ತಿದೆ.

ಮೈಸೂರಿಗೆ ಒಂದು ಬಸ್ಸು, ಪಾಂಡವಪುರಕ್ಕೆ ಒಂದು. ಮಾರನೆಯ ದಿನ ರಜಾ ಬರೆದುಕೊಟ್ಟು ಕೆ.ಆರ್. ಪೇಟೆಗೆ ಒಂದು, ಅಲ್ಲಿಂದ ಸಂತೆಬಾಚಹಳ್ಳಿಗೆ ಒಂದು. ದಾರಿಯುದ್ದಕ್ಕೂ ಬೇರೆ ಉಪಾಯ ಹುಡುಕಿದೆ, ಸಿಗಲಿಲ್ಲ. ಮಾವನ ಕಣ ಊರಾಚೆ ಬಂಡೆಯ ಮೇಲೆ. ದೂರದಿಂದಲೇ ಕಂಡಳು. ಮೆಟ್ಟಿನ ಮೇಲೆ ನಿಂತಿದ್ದಳು, ತಲೆಗೆ ಟವೆಲು ಸುತ್ತಿ, ಮೊರವನ್ನು ಹೆಗಲಿಗಿಂತ ಮೇಲೆ ಎತ್ತಿ ಕಾಯುತ್ತ. ಗಾಳಿಗೆ ಓರೆಯಾಗಿ. ಮೊರ ಅಲುಗಿತು, ರಾಗಿ ನೇರ ಕೆಳಗೆ ಸುರಿಯಿತು, ಹೊಟ್ಟು ಎಲ್ಲ ಒಂದೇ ಕಡೆ ಹಾರಿತು. ಆ ಕಡೆಗೇ ಹೋಗಿ ನಾನು ನಿಂತಿದ್ದೆ. ತಲೆ, ಮೀಸೆ, ಕನ್ನಡಕ ಎಲ್ಲ ಹೊಟ್ಟು.

ಕಣದಲ್ಲಿ ರಾಶಿ ಮುಗಿಯುವವರೆಗೂ ಮಾತಾಡುವ ಹಾಗಿಲ್ಲ. ಅವಳು ಕಣ್ಣಲ್ಲೇ ಈಚೆ ಬನ್ನಿ ಅಂದಳು. ಗಾಳಿ ಬೀಳುವವರೆಗೂ ನಾನು ಕಾದೆ. ಆಗಲೂ ಹೊಟ್ಟೆಕಿಚ್ಚೇ. ಏನು ನಿಲುವು, ಏನು ತಾಳ್ಮೆ! ನನಗೆ ಯಾಕೆ ಇಲ್ಲ?

ಕೆಳಗಿಳಿದ ಮೇಲೆ ಎಲ್ಲ ಹೇಳಿದೆ. ಒಬ್ಬನೇ ಹೋದದ್ದು, ಪಟ್ಟಿ ಸಿಕ್ಕಿದ್ದು, ವಾಪಸು ಬರಲಾಗದೆ ದೋಣಿ ಅಲ್ಲೇ ಬಿಟ್ಟದ್ದು. ನೀರೆಂದರೆ ಅವಳಿಗೆ ಭಯ ಎಂದು ಆಫೀಸರಿಗೆ ಹೇಳಿದ್ದನ್ನೂ ಹೇಳಬೇಕಾಯಿತು, ಅಲ್ಲಿಗೆ ಕರೆದುಕೊಂಡು ಹೋದರೆ ಹೇಗೂ ಬಯಲಾಗುತ್ತದೆ. ಅವಳು ಟವೆಲು ಬಿಚ್ಚಿ ಮುಖ ಒರೆಸಿಕೊಂಡಳು. ಸುಮಾರು ಹೊತ್ತು ಒರೆಸಿಕೊಂಡಳು. ಆಮೇಲೆ ಒಂದು ಹಿಡಿ ಹೊಟ್ಟು ಮಡಿಲಿಗೆ ಹಾಕಿಕೊಂಡು, ನಾಳೆ ಮೊದಲ ಬಸ್ಸಿಗೆ ಹೋಗೋಣ ಅಂದಳು.

ಆಫೀಸರು ದಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವಳನ್ನು ಕಂಡು ಖುಷಿಯಾಗಿ, ಭಯಪಟ್ಟುಕೊಂಡು ಬಿಟ್ಟುಬಿಟ್ಟಿರಂತಲ್ಲಮ್ಮ, ಯಾಕೆ ಎಂದು ಕೇಳಿದರು. ನಾನು ಹಗ್ಗದ ಗಂಟು ಬಿಚ್ಚುವ ನೆಪದಲ್ಲಿ ಬಗ್ಗಿದೆ. ಅವಳು ಈಗ ನಿಜ ಹೇಳಿದ್ದರೆ ಒಂದೇ ಮಾತಿನಲ್ಲಿ ನನ್ನ ಕತೆ ಮುಗಿಯುತ್ತಿತ್ತು. ಹೇಳಲಿ, ಹೇಳಿಬಿಡಲಿ ಎಂದೂ ಅನ್ನಿಸಿತು.

"ಊಂ ಸಾರ್, ನಂಗೆ ನೀರು ಅಂದ್ರೆ ಬಯ. ಇವ್ರು ಜೊತೇಲಿದ್ರೆ ಮಾತ್ರ ದೋಣಿ ಅತ್ತುತೀನಿ" ಅಂದಳು.

ಒಂದು ಚೂರೂ ತಡವರಿಸಲಿಲ್ಲ. ಮೊನ್ನೆ ಅದೇ ಸುಳ್ಳನ್ನು ನಾನು ಕಾಫಿ ಲೋಟ ನೋಡುತ್ತ ಹೇಳಿದ್ದೆ. ಸುಳ್ಳು ಹೇಳುವುದರಲ್ಲೂ ಇವಳೇ ನನಗಿಂತ ಮೇಲು ಎಂದು, ಆ ಹೊತ್ತಿನಲ್ಲೂ, ನನಗೆ ಹೊಟ್ಟೆ ಉರಿಯಿತು.

ನಾನು ಹಿಂದೆ ಕೂತೆ. ಅವಳು ಮುಂದೆ ಕೂತು ಬೆನ್ನು ತಿರುಗಿಸಿಕೊಂಡೇ ಚಿಟಿಕೆ ಚಿಟಿಕೆ ಹೊಟ್ಟು ಬಿಡುತ್ತ, ತುಟಿ ಅಲ್ಲಾಡದ ಹಾಗೆ ಈಗ, ಈಗ ಬೇಡ, ಈಗ ತಿರುಗಿಸಿ ಎನ್ನುತ್ತಿದ್ದಳು. ಅವಳು ಹೇಳಿದಾಗ ಹೇಳಿದಷ್ಟು ಮಾಡಿದೆ. ದೋಣಿ ದಡ ಬಿಟ್ಟಿತು. ಆಫೀಸರು ಕೋಲು ಎತ್ತಿ ಭೇಷ್ ಮೇಷ್ಟ್ರೇ ಎಂದು ಕೂಗಿದರು. ನೀರಿಗೆ ಚಾಚಿದ್ದ ಒಂದು ಬಂಡೆಯ ಮೂಲೆ ತಿರುಗಿ ಅವರು ಮರೆಯಾದ ಮೇಲೆ ನಾನೇ ಎದ್ದು ಜಾಗ ಬಿಟ್ಟುಕೊಟ್ಟೆ. ಅವಳು ಹಿಂದೆ ಬಂದು ಕೂತಳು.

ಅಂಥ ಎದುರುಗಾಳಿಯಲ್ಲಿ, ಆ ಅಗಲದ ನೀರನ್ನು, ಅಂಕುಡೊಂಕಾಗಿ ಹನ್ನೊಂದು ಸಲ ತಿರುಗಿಸಿ ದಾಟಿಸಿದಳು. ನಾನು ಎಣಿಸಿದೆ, ಮಾಡಲು ಬೇರೆ ಕೆಲಸ ಇರಲಿಲ್ಲ. ಒಂದು ಸಲವೂ ಅಡ್ಡಮರ ನನ್ನ ತಲೆಗೆ ಬಡಿಯಲಿಲ್ಲ. ಗಾಳಿಗೆ ಅವಳ ಕೂದಲು ಬಿಚ್ಚಿಹೋಗಿತ್ತು, ಕಟ್ಟಿಕೊಳ್ಳಲಿಲ್ಲ. ನಡುನೀರಿನಲ್ಲಿ ಒಮ್ಮೆ ಮೇಲೆ ನೋಡಿ, ಆ ಕೆಂಪು ಪಟ್ಟಿಯನ್ನು ಕಂಡು ನಕ್ಕಳು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾನು ಕಂಡಿರದ ನಗು. ಕ್ಷಮಿಸು ಅನ್ನಬೇಕೆಂದುಕೊಂಡೆ. ಇದು ನಿನ್ನದು, ಊರಿಗೆ ಹೋಗಿ ಎಲ್ಲರೆದುರು ಹೇಳುತ್ತೇನೆ ಅನ್ನಬೇಕೆಂದುಕೊಂಡೆ. ಮಾತು ನಾಲಗೆಯ ಮೇಲೇ ಇತ್ತು.

ನಮ್ಮ ದಡ ಹತ್ತಿರವಾಯಿತು. ಮೀನಿನವನು, ಬಟ್ಟೆ ಒಗೆಯುವ ಹೆಂಗಸರು, ಅವ್ವ, ಎಲ್ಲ ನಿಂತು ನೋಡುತ್ತಿದ್ದರು. ಅವಳು ಕೂದಲನ್ನು ಗಂಟು ಕಟ್ಟಿದಳು, ಸೆರಗು ಸರಿ ಮಾಡಿಕೊಂಡಳು, ಎದ್ದಳು.

"ತಕಳಿ, ನೀವ್ ಇಡ್ಕಳಿ. ಊರೋರು ನೋಡ್ತಾವ್ರೆ" ಅಂದಳು.

ನಾನು ಹಿಡಿದುಕೊಂಡೆ. ಅವಳು ಮುಂದೆ ಹೋಗಿ ಭಾರಕ್ಕೆ ಕೂತಳು.

ದಡ ಮುಟ್ಟಿದ ಕೂಡಲೇ ಅವಳು ಮೊಣಕಾಲು ನೀರಿಗೆ ಇಳಿದು ದೋಣಿ ಕಟ್ಟಿ, ಬಟ್ಟೆಯ ಗಂಟು ಎತ್ತಿಕೊಂಡು ಮನೆಯ ಕಡೆ ನಡೆದಳು. ಮೀನಿನವನು ಕಂಬದ ತುದಿಯ ಪಟ್ಟಿಯನ್ನೂ ನನ್ನನ್ನೂ ನೋಡಿ, "ಎದುರ್ಗಾಳೀಲಿ ಬಂದ್ಬುಟ್ರಲ್ಲ ಮೇಷ್ಟ್ರೇ" ಅಂದ.

ಹೌದು ಕಣಪ್ಪ, ಬಂದುಬಿಟ್ಟೆ, ಅಂದೆ.